ನಾಲ್ಕನೇ ಗುರಿಯ ತಟ್ಟೆ

ಏಪ್ರಿಲ್ 6, 1991, ಶನಿವಾರ

ಬೆಳಿಗ್ಗೆ ಕೋವಿ ಬಿಚ್ಚಿ, ಒರೆಸಿ, ಎಣ್ಣೆ ಹಾಕಿದೆ. ಕಾರಿನ್ ನಳಿಗೆಯೊಳಗೆ ಕಣ್ಣಿಟ್ಟು ನೋಡಿ, "ತಾತ, ಒಳಗೆ ಕನ್ನಡಿ ಇದ್ದ ಹಾಗಿದೆ" ಎಂದಳು. ಮೊಮ್ಮಗಳಿಗೆ ಈಗ ಹದಿನೇಳು, ಹೋದ ವರ್ಷದಿಂದ ಎಳೆಯರ ತರಗತಿಯಲ್ಲಿ ಗುರಿ ಹೊಡೆಯುವುದನ್ನು ಕಲಿಯುತ್ತಿದ್ದಾಳೆ. ನಾನೂ ಇಣುಕಿದೆ. ಮೋಡ ಕವಿದಿತ್ತು, ಕಿಟಕಿಯ ಬೆಳಕು ಸಾಲಲಿಲ್ಲ. ಇರಲಿ, ಹುಡುಗಿಯ ಮಾತಿನ ಮೇಲೆ ನನಗೆ ನಂಬಿಕೆ ಇದೆ.

ಮುಂದಿನ ಶನಿವಾರ ಗುರಿಮನೆಯ ಬಾಗಿಲು ತೆರೆಯುತ್ತದೆ. ಅಲ್ಲಿನ ಗೋಡೆಯ ಮೇಲೆ ನಮ್ಮ ಓಬರ್‌ಮಾಟ್ ಹಳ್ಳಿಯ ವರ್ಷವರ್ಷದ ರಾಜರ, ಅಂದರೆ ಗುರಿಪಂದ್ಯ ಗೆದ್ದವರ, ಹೆಸರು ಕೆತ್ತಿದ ಹಲಗೆ ಇದೆ. ನನ್ನ ಅಜ್ಜನ ಹೆಸರಿದೆ, ಅಪ್ಪನದಿದೆ. ಹೋದ ಶರತ್ಕಾಲದಲ್ಲಿ ನನ್ನದು ಮತ್ತೆ ಏರಿತು. ಎಪ್ಪತ್ಮೂರರ ಮುದುಕ ಮಲಗಿಕೊಂಡು, ಕಣಿವೆಯಾಚೆಯ ಗುರಿಹಲಗೆಗೆ ಗುಂಡಿಟ್ಟು ರಾಜನಾಗುವುದೆಂದರೆ ಸಣ್ಣ ಮಾತೇನಲ್ಲ. ಒಂದೇ ಅಂಕದಿಂದ ಸೋತವನು ಭಾವ ಅಂಬ್ರೋಸ್, ನನ್ನ ಹೆಂಡತಿ ಹೆಡ್ವಿಗ್‌ಳ ಅಣ್ಣ. ಗೆದ್ದ ತವರದ ಹೂಜಿ ಅಡುಗೆಮನೆಯ ಶೆಲ್ಫಿನ ಮೇಲಿದೆ. ಹೆಡ್ವಿಗ್ ಇದ್ದಿದ್ದರೆ ಅದಕ್ಕೂ ಬೂದಿ ಹಾಕಿ ಉಜ್ಜುತ್ತಿದ್ದಳು.

ಈ ಸಲ ಹೊಸ ಗುರಿಹಲಗೆಗಳು ಬಂದಿವೆಯಂತೆ, ಕರೆಂಟಿನವು. ಗುಂಡು ಎಲ್ಲಿ ಬಿತ್ತೆಂದು ಮಲಗಿದವನ ಪಕ್ಕದಲ್ಲೇ ಪುಟ್ಟ ಪರದೆಯ ಮೇಲೆ ತೋರಿಸುತ್ತವೆ. ಹಳೆಯವೂ ಜೂನ್ ಹಬ್ಬದವರೆಗೆ ಇರುತ್ತವೆ, ಅದು ಮುಗಿದ ಮೇಲೆ ಆ ಹಲಗೆಗಳ ಕೆಳಗಿನ ಗುಂಡಿಯನ್ನು ಮುಚ್ಚುತ್ತಾರೆ. ಅಂದರೆ ಹಲಗೆ ಇಳಿಸಿ, ತೂತು ನೋಡಿ, ಕಾಗದ ಅಂಟಿಸಿ, ಉದ್ದ ಕೋಲಿನ ತುದಿಯ ತಟ್ಟೆ ಎತ್ತಿ ಅಂಕ ತೋರಿಸುವವರು ಇನ್ನು ಬೇಡ. ನನ್ನ ಮಗಳು ಉರ್ಸಿ ಶಾಲೆಗೆ ಹೋಗುವ ಕಾಲದಿಂದ ಆ ಗುಂಡಿಗೆ ಇಳಿದವಳು. ನಾಲ್ಕನೇ ಗುರಿ ಅವಳದು, ಕೋವಿಯ ಈ ತುದಿಯಲ್ಲಿ ನಾಲ್ಕನೇ ಜಾಗ ನನ್ನದು. ರಕ್ತಸಂಬಂಧಿಗೆ ಅಂಕ ತೋರಿಸಬಾರದು ಎಂಬ ನಿಯಮ ದೊಡ್ಡ ಊರುಗಳಿಗೆ ಸರಿ. ನಮ್ಮಲ್ಲಿ ಯಾರನ್ನು ಗುಂಡಿಗೆ ಇಳಿಸಿದರೂ ಯಾರಿಗಾದರೂ ಅತ್ತೆಯೋ ಮಾವನೋ ಆಗಿಯೇ ಇರುತ್ತಾರೆ.

ಏಪ್ರಿಲ್ 13, ಶನಿವಾರ

ಆ ಯಂತ್ರ ಕೆಟ್ಟಿದೆ.

ಮಲಗಿ, ಉಸಿರು ಹಿಡಿದು, ಎಂದಿನ ಹಾಗೆಯೇ ಹೊಡೆದೆ. ಪರದೆಯ ಮೇಲೆ ಚುಕ್ಕಿ ಅಂಚಿಗೆ ಹೋಗಿ ಕೂತಿತು. ಮುಂದಿನದು ಇನ್ನೂ ಕೆಳಗೆ. ಆಮೇಲಿನದು ಬರಲೇ ಇಲ್ಲ. ಪಕ್ಕದಲ್ಲಿ ಅಂಕ ಬರೆಯಲು ಕೂತಿದ್ದವನು ಅಂಬ್ರೋಸ್. ಎಂದೂ ಬಾಯಿ ಮುಚ್ಚದವನು ಸುಮ್ಮನೆ ಪೆನ್ಸಿಲ್ ಕೆತ್ತುತ್ತಿದ್ದ.

"ಭಾವ, ಇದಕ್ಕೆ ಏನಾಗಿದೆ?" ಎಂದೆ.

"ಹೊಸದಲ್ವಾ. ನೋಡ್ತಾರೆ ಬಿಡು."

ಯಂತ್ರ ಕೂರಿಸಲು ಬಂದಿದ್ದವನು ತಂತಿ ಎಳೆದು ನೋಡಿದ, ಹಲಗೆಯವರೆಗೆ ಹೋಗಿ ಬಂದ. ಎಲ್ಲ ಸರಿಯಿದೆ ಎಂದ. ಕೋವಿಯ ಕಣ್ಣೇ ಜರುಗಿರಬೇಕು ಎಂದು ನಾನು ವಾದಿಸಿದೆ. "ಹಾಗಾದ್ರೆ ಬೇರೆಯವರು ಹೊಡೀಲಿ, ಗೊತ್ತಾಗುತ್ತೆ" ಎಂದು ಯಾರೋ ಹಿಂದಿನಿಂದ ಹೇಳಿದರು. ಕಾರಿನ್ ಬಂದು ನಾನು ಮಲಗಿದ್ದ ಚಾಪೆಯ ಮೇಲೆಯೇ ಮಲಗಿ, ನನ್ನ ಕೋವಿಯಿಂದಲೇ ಹೊಡೆದಳು. ಚುಕ್ಕಿಗಳೆಲ್ಲ ಕಪ್ಪು ವೃತ್ತದೊಳಗೆ ಒಂದರ ಪಕ್ಕ ಒಂದು ಕೂತವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗಿ ಅಷ್ಟು ಚೆನ್ನಾಗಿ ಹೊಡೆದಾಗ ತಟ್ಟಬೇಕಿತ್ತು. ಎಲ್ಲರೂ ನೆಲ ನೋಡುತ್ತಿದ್ದರು. ಆ ನೋಟ ನನ್ನನ್ನು ಮನೆವರೆಗೂ ಹಿಂಬಾಲಿಸಿತು.

ಏಪ್ರಿಲ್ 14, ಭಾನುವಾರ

ಚರ್ಚಿನ ಪೂಜೆಯಿಂದ ಬಂದು ಊಟಕ್ಕೆ ಕೂತೆವು. ನಾನು ಕೆಳಮನೆಯಲ್ಲಿ ಇರುವುದು, ಉರ್ಸಿಯ ಸಂಸಾರ ಮೇಲೆ. ಅಳಿಯ ರೈಲ್ವೆ ಸುರಂಗದ ಕೆಲಸದಲ್ಲಿ ಈ ವಾರವೂ ಹೊರಗೆ. ಆಲೂಗಡ್ಡೆ ಹಾಕಿದ ಮಕರೋನಿ, ಜೊತೆಗೆ ಸೇಬಿನ ಗೊಜ್ಜು. ನನಗಿಷ್ಟವೆಂದೇ ಮಾಡಿದ್ದಳು. ಹಾಗೆ ಮಾಡಿದ್ದೇ ನನಗೆ ಅನುಮಾನ ತಂದಿತು.

ರಾತ್ರಿಯಿಡೀ ಒಂದೇ ಲೆಕ್ಕ. ಕೋವಿ ಸರಿಯಿದೆ. ಯಂತ್ರ ಸರಿಯಿದೆ. ಆರು ತಿಂಗಳಲ್ಲಿ ಯಾರ ಕೈಯೂ ಅಷ್ಟು ಕೆಡುವುದಿಲ್ಲ. ಹಾಗಾದರೆ ಶರತ್ಕಾಲದಲ್ಲಿ ಕೋಲಿನ ತುದಿಯ ತಟ್ಟೆ ತೋರಿಸಿದ್ದು ಏನನ್ನು?

"ಉರ್ಸಿ, ನಾನು ಹೋದ ವರ್ಷ ರಾಜ ಆದೆನಾ?"

ಅವಳು ಸೌಟು ಕೆಳಗಿಟ್ಟಳು. "ಅಪ್ಪ, ಊಟ ಆದ್ಮೇಲೆ ಮಾತಾಡೋಣ."

"ಆದೆನಾ ಇಲ್ವಾ?"

"ಇಲ್ಲ."

ಕಾರಿನ್ ಎದ್ದು ಹೋಗಲು ನೋಡಿದಳು. ಕೂತ್ಕೋ ಎಂದೆ.

"ಯಾವತ್ತಿಂದ?"

"ಅಮ್ಮ ತೀರ್ಕೊಂಡ ವರ್ಷದಿಂದ, ಐದು ವರ್ಷ ಆಯ್ತು. ಆ ವಸಂತದಲ್ಲಿ ನೀನು ಹಾಸಿಗೆ ಬಿಟ್ಟು ಏಳ್ತಾನೇ ಇರ್ಲಿಲ್ಲ, ನೆನಪಿದ್ಯಾ? ಅಂಬ್ರೋಸ್ ಮಾವ ಬಲವಂತ ಮಾಡಿ ಗುರಿಮನೆಗೆ ಎಳ್ಕೊಂಡು ಬಂದ್ರು. ಮೊದಲನೇ ಗುಂಡು ಹಲಗೆಗೇ ತಾಗ್ಲಿಲ್ಲ. ನಾನು ಕೆಳಗೆ ಕೋಲು ಹಿಡ್ಕೊಂಡು ನಿಂತಿದ್ದೆ. ಸೊನ್ನೆ ತೋರ್ಸಿದ್ರೆ ನೀನು ಅಲ್ಲಿಂದ್ಲೇ ಎದ್ದು ಮನೆಗೆ ಹೋಗ್ತೀಯ ಅನ್ಸ್ತು. ಒಂಬತ್ತು ತೋರಿಸ್ದೆ. ಒಂದೇ ಒಂದು ಸಲ ಅಂತ."

"ಒಂದೇ ಒಂದು ಸಲ."

"ನೀನು ಅವತ್ತು ಮನೆಗೆ ಬಂದು ಊಟ ಮಾಡ್ದೆ, ಅಪ್ಪ. ಎರಡು ಸಲ ಹಾಕಿಸ್ಕೊಂಡೆ. ಆಮೇಲೆ ನಿಲ್ಲಿಸೋಕೆ ನಂಗೆ ದಾರಿ ಸಿಗ್ಲಿಲ್ಲ."

ತಟ್ಟೆಯನ್ನು ಹಾಗೆಯೇ ಬಿಟ್ಟು ಕೆಳಗೆ ಬಂದೆ. ಹೆಡ್ವಿಗ್, ನಿನ್ನ ಮಗಳು ನನ್ನನ್ನು ಮಗುವಿನ ಹಾಗೆ ಆಡಿಸಿದಳು. ನಾನು ಕುಣಿದೆ.

ಏಪ್ರಿಲ್ 15

ಬರೆಯಲು ಏನೂ ಇಲ್ಲ.

ಏಪ್ರಿಲ್ 18, ಗುರುವಾರ

ಗುರುವಾರ ಸಂಜೆ ಅಂಬ್ರೋಸ್‌ನ ಮನೆಯಲ್ಲಿ ಇಸ್ಪೀಟು. ಇವತ್ತು ಎಲೆ ಮುಟ್ಟುವ ಮೊದಲೇ ಹೂಜಿಯನ್ನು ಮೇಜಿನ ಮೇಲಿಟ್ಟೆ.

"ಇದು ನಿನ್ನದು, ಭಾವ. ನ್ಯಾಯವಾಗಿ ನೀನೇ ಗೆದ್ದಿದ್ದೆ. ಹಲಗೆಯ ಮೇಲಿನ ಹೆಸರನ್ನೂ ಉಳಿ ತಗೊಂಡು ನಾನೇ ಕೆತ್ತಿ ತೆಗೀತೀನಿ."

ಅಂಬ್ರೋಸ್ ಕಾಫಿಗೆ ಸಾರಾಯಿ ಸುರಿಯುತ್ತಿದ್ದ. ನಿಲ್ಲಿಸಲಿಲ್ಲ. "ಅದನ್ನ ತಗೊಂಡು ನಾನೇನ್ ಮಾಡ್ಲಿ, ಹೂವು ಇಡ್ಲಾ?"

ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ನಿನಗೆ ಗೊತ್ತಿತ್ತು."

"ನಾನು ದುರ್ಬೀನು ಇಟ್ಕೊಂಡು ಪಕ್ಕದಲ್ಲೇ ಕೂರ್ತೀನಿ, ಮೆಲ್ಕ್. ನಿನ್ನ ಗುಂಡು ಬಿದ್ದು ಮಣ್ಣು ಏಳ್ತಿದ್ದದ್ದು ಹಲಗೆ ಹಿಂದಿನ ದಿಬ್ಬದ ಎಡಗಡೆ. ನಿನ್ನ ಮಗಳ ತಟ್ಟೆ ಏಳ್ತಿದ್ದದ್ದು ನಡುಮಧ್ಯೆ. ನಾನೇನು ಕುರುಡನಾ?"

"ಗೊತ್ತಿದ್ದೂ ಬರ್ಕೊಂಡೆ."

"ತೋರ್ಸಿದ್ದು ಬರ್ಕೋಬೇಕು. ಅದೇ ನಿಯಮ." ಆಮೇಲೆ ದನಿ ತಗ್ಗಿಸಿದ. "ಸಿಟ್ಟು ಬಂದಿತ್ತು ಅಂತಿಟ್ಕೋ. ನಲವತ್ತು ವರ್ಷದಿಂದ ಆ ಹಲಗೆ ಮೇಲೆ ಹೆಸರು ಬರ್ಲಿ ಅಂತ ಹೊಡೀತಿದ್ದೀನಿ. ಚಳಿಗಾಲ ಪೂರ್ತಿ ನಿನ್ನ ಮುಖ ನೋಡಿದಾಗೆಲ್ಲ ಹೇಳ್ಬಿಡೋಣ ಅನ್ಸ್ತಿತ್ತು. ಹೇಳಿದ್ರೆ ಗುರುವಾರ ನಾನು ಯಾರ ಜೊತೆ ಆಡ್ಲಿ?"

"ಇನ್ಯಾರಿಗೆ ಗೊತ್ತು?"

ಅವನು ಎಲೆ ಕಲೆಸತೊಡಗಿದ. ಅದೇ ಉತ್ತರ. ಇಡೀ ಊರಿಗೇ ಗೊತ್ತು. ಬೇಕರಿಯ ಹೆಂಗಸಿಗೆ ಗೊತ್ತು, ಪಾದ್ರಿಗೆ ಗೊತ್ತು, ಗೆದ್ದ ದಿನ ನನ್ನನ್ನು ಹೆಗಲ ಮೇಲೆ ಹೊತ್ತು ಗುರಿಮನೆ ಸುತ್ತಿಸಿದವರಿಗೆಲ್ಲ ಗೊತ್ತು. ಎಲ್ಲರೂ ಸೇರಿ ಒಬ್ಬನನ್ನು ಹೊತ್ತು ಮೆರೆಸಿದರು. ಮೇಲೆ ಕೂತವನಿಗೆ ಮಾತ್ರ ಗೊತ್ತಿರಲಿಲ್ಲ.

ಎದ್ದು ಬಂದೆ. ಹೂಜಿಯನ್ನು ಅಲ್ಲೇ ಬಿಟ್ಟೆ. 

ಏಪ್ರಿಲ್ 19

ಬೆಳಿಗ್ಗೆ ನೋಡಿದರೆ ಹೂಜಿ ನನ್ನ ಹೊಸ್ತಿಲ ಮೇಲಿತ್ತು.

ಏಪ್ರಿಲ್ 27

ಮೇಲಿನವಳು ಬಾಗಿಲ ಮುಂದೆ ಊಟ ಇಟ್ಟು ಹೋಗುತ್ತಾಳೆ. ನಾನು ಮುಟ್ಟುವುದಿಲ್ಲ. ಬ್ರೆಡ್ಡು, ಚೀಸು ಸಾಕು. ಇವತ್ತು ಬಟ್ಟಲು ತಳ್ಳುವಾಗ ಮುಚ್ಚಳ ಜಾರಿ ಸೇಬಿನ ಗೊಜ್ಜಿನ ವಾಸನೆ ಬಂತು. ಕಿಟಕಿ ತೆರೆದಿಟ್ಟೆ.

ಚರ್ಚಿನ ಗಡಿಯಾರದ ಮುಳ್ಳುಗಳನ್ನು ಬಿಚ್ಚಿ ಒಯ್ದಿದ್ದಾರೆ. ರಿಪೇರಿಗೆ ಇರಬೇಕು. ಬರೀ ಬಿಳಿ ಬಿಲ್ಲೆ ಉಳಿದಿದೆ.

ಮೇ 3

ಹೂಜಿಯನ್ನು ಮತ್ತೆ ಅಂಬ್ರೋಸ್‌ನ ಹೊಸ್ತಿಲಿಗೆ ಒಯ್ದಿಟ್ಟೆ. ಕದ ತಟ್ಟಲಿಲ್ಲ. ಸಂಜೆಯ ಹೊತ್ತಿಗೆ ವಾಪಸು ಬಂದಿತ್ತು, ಒಳಗೆ ಮೊಟ್ಟೆ ತುಂಬಿಕೊಂಡು.

ಮೇ 9, ಗುರುವಾರ, ಸ್ವರ್ಗಾರೋಹಣದ ಹಬ್ಬ

ಕಾರಿನ್ ಕದ ತಟ್ಟದೆ ಒಳಗೆ ಬಂದಳು. ಇಸ್ಪೀಟಿನ ಕಟ್ಟು ತಂದಿದ್ದಳು. "ಅಂಬ್ರೋಸ್ ಮಾವಜ್ಜನ ಜೊತೆ ಆಡಲ್ಲ ಅಂದ್ರೆ ನನ್ನ ಜೊತೆ ಆಡು. ಸೋಲೋಕೆ ಧೈರ್ಯ ಇದ್ರೆ."

ಕೂತೆವು. ಮೂರನೇ ಕೈಗೆ ಅವಳು ಎಲೆಗಳನ್ನು ಕೆಳಗಿಟ್ಟಳು.

"ತಾತ, ಗುರಾಣಿ ಚಿತ್ರದ ಎಲೆ ಕೇಳಿದ್ರೆ ನೀನು ಗಂಟೆ ಚಿತ್ರದ್ದು ಹಾಕ್ತಿದ್ದೀಯ. ಎರಡನೇ ಸಲ."

"ಎಲೆ ಹಳೇದು, ಬಣ್ಣ ಹೋಗಿದೆ."

"ನಿನ್ನೆ ಕೊಂಡಿದ್ದು ಇದು." ಆಮೇಲೆ, "ಗಡಿಯಾರದಲ್ಲಿ ಗಂಟೆ ಎಷ್ಟು?" ಎಂದು ಕಿಟಕಿಯಾಚೆ ತೋರಿಸಿದಳು.

"ಮುಳ್ಳು ಬಿಚ್ಚಿದ್ದಾರಲ್ಲ."

ಅವಳು ನಗಲಿಲ್ಲ. ಹತ್ತಿರ ಬಂದು ಕೂತಳು. "ತಾತ, ನನಗೆ ನಿನ್ನ ಮೇಲೂ ಸಿಟ್ಟಿದೆ, ಅಮ್ಮನ ಮೇಲೂ ಸಿಟ್ಟಿದೆ. ನನ್ನ ಗುಂಡನ್ನ ಅಮ್ಮ ಸರಿಯಾಗಿ ತೋರಿಸ್ತಾಳೋ ಇಲ್ವೋ ಅಂತ ಈಗ ನನಗೂ ಅನುಮಾನ. ಕಲಿತ ಮೇಲೆ ಒಂದೇ ಒಂದು ಸಲ ಹತ್ತು ಬಿದ್ದಿತ್ತು, ಆ ಖುಷೀನೂ ಹಾಳಾಯ್ತು. ಆದ್ರೆ ಡಾಕ್ಟರ ಹತ್ರ ಹೋಗದೇ ಇರೋದು ಯಾರ ಮೇಲಿನ ಸಿಟ್ಟು?"

ಹುಡುಗಿಯ ಬಾಯಿ ಅವಳ ಅಜ್ಜಿಯದೇ. ಹೆಡ್ವಿಗ್ ಹೀಗೆಯೇ ಮಾತಿನ ಕೊನೆಗೆ ಒಂದು ಮೊಳೆ ಹೊಡೆಯುತ್ತಿದ್ದಳು.

ಮೇ 14, ಮಂಗಳವಾರ

ಕಾರಿನ್ ಜೊತೆ ಬಸ್ಸಿನಲ್ಲಿ ಪಟ್ಟಣಕ್ಕೆ. ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಗಟ್ಟಿಯಾಗಿ ಮಾತಾಡುತ್ತಾಳೆ, ಕಿವಿಗೂ ಏನೋ ಆಗಿದೆ ಎನ್ನುವ ಹಾಗೆ. ಎರಡು ಕಣ್ಣಿನಲ್ಲೂ ನಡುಭಾಗ ಸವೆದಿದೆಯಂತೆ. ಕೆಲವು ವರ್ಷದಿಂದ ಸವೆಯುತ್ತಿರಬೇಕಂತೆ. ಕನ್ನಡಕದಿಂದ ಆಗದು. ಅಂಚಿನ ನೋಟ ಉಳಿಯುತ್ತದೆ, ನಡೆದಾಡಲು ತೊಂದರೆಯಿಲ್ಲ, ಮುಖಗಳು ಮಾತ್ರ ಕಷ್ಟ ಎಂದಳು.

ಮೂವತ್ತು ವರ್ಷ ಸಾಮಾನು ಸಾಗಿಸುವ ರೋಪ್‌ವೇಯ ಕೆಳಗಿನ ಕಟ್ಟೆಯಲ್ಲಿ ಕೂತವನು ನಾನು. ಮೇಲಿನ ಕಟ್ಟೆಯಲ್ಲಿ ನಿಂತವನು ಯಾರೆಂದು ಅವನ ಟೋಪಿ ನೋಡಿಯೇ ಹೇಳುತ್ತಿದ್ದೆ.

ಬಸ್ಸಿನಲ್ಲಿ ವಾಪಸು ಬರುವಾಗ ಹೊರಗೆ ನೋಡುತ್ತಾ ಕೂತೆ. ನಿಜ. ಬೆಟ್ಟವನ್ನು ನೇರ ನೋಡಿದರೆ ಬೆಟ್ಟ ಕರಗುತ್ತದೆ, ಪಕ್ಕಕ್ಕೆ ನೋಡಿದರೆ ಬಂದು ನಿಲ್ಲುತ್ತದೆ.

ಗಡಿಯಾರದ ಮುಳ್ಳು ಅಲ್ಲೇ ಇದೆ. ಓರೆಗಣ್ಣಿನಲ್ಲಿ ನೋಡಿದೆ. ಮೂರೂ ಹತ್ತು.

ಮೇ 16, ಗುರುವಾರ

ಒಂದು ವಿಷಯ ಬಗೆಹರಿಯುತ್ತಿಲ್ಲ. ಅವಳು ಸುಳ್ಳು ತೋರಿಸಿದ್ದು ಒಂದು ನೋವು. ಸೊನ್ನೆ ತೋರಿಸಿದ್ದರೆ ಐದು ವರ್ಷದ ಹಿಂದೆಯೇ ನಾನು ಡಾಕ್ಟರ ಬಳಿ ಹೋಗುತ್ತಿದ್ದೆನಲ್ಲ, ಅದು ಇನ್ನೊಂದು. ಆಗ ಹೋಗಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದಳು. ಹೇಳಿದರೆ ಆಯಿತೇ. ನನ್ನ ಕಣ್ಣು ಹೋಗುತ್ತಿದೆ ಎಂಬುದು ನನಗಿಂತ ಮೊದಲು ಊರಿಗೆ ಗೊತ್ತಾಯಿತು.

ಇಸ್ಪೀಟಿಗೆ ಹೋಗಲಿಲ್ಲ. ಹೂಜಿ ಮಾತ್ರ ಹೋಗಿ ಬಂತು.

ಮೇ 25, ಶನಿವಾರ

ಗುಂಡಿ ನೋಡಲು ಹೋದೆ. ಇನ್ನೊಂದು ವಾರದಲ್ಲಿ ಹಬ್ಬ, ಆಮೇಲೆ ಮಣ್ಣು ತುಂಬುತ್ತಾರೆ. ಇಷ್ಟು ವರ್ಷದಲ್ಲಿ ಹುಡುಗನಾಗಿದ್ದಾಗ ಬಿಟ್ಟರೆ ನಾನು ಅದರೊಳಗೆ ಇಳಿದದ್ದೇ ಇಲ್ಲ. ಹೊಡೆಯುವವರು ಇಳಿಯುವುದಿಲ್ಲ.

ಉರ್ಸಿ ಅಲ್ಲಿದ್ದಳು. ಹಲಗೆಗೆ ಹೊಸ ಕಾಗದ ಅಂಟಿಸುತ್ತಿದ್ದಳು. ಮುಖ ಕಾಣಲಿಲ್ಲ, ಆದರೆ ಬ್ರಷ್ ಹಿಡಿದ ಕೈ ಅವಳದೇ. ಮೈದಾಹಿಟ್ಟಿನ ಅಂಟಿನ ವಾಸನೆ. ನಾನು ಬೆಂಚಿನ ಮೇಲೆ ಕೂತೆ. ತಣ್ಣಗಿತ್ತು. ನೆತ್ತಿಯ ಮೇಲೆ ಒಂದು ಪಟ್ಟಿ ಆಕಾಶ, ಅಷ್ಟೇ.

ನಾನೇ ಕೇಳಿದೆ. "ಇಲ್ಲಿಂದ ಹೊಡೆಯುವವರು ಕಾಣ್ತಾರಾ?"

"ಇಲ್ಲ. ಬರೀ ಸದ್ದು."

"ಹಾಗಾದ್ರೆ ನಾಲ್ಕನೇ ಜಾಗದಲ್ಲಿ ಯಾವಾಗ ನಾನು, ಯಾವಾಗ ಬೇರೆಯವರು, ನಿನಗೆ ಹೇಗೆ ಗೊತ್ತಾಗ್ತಿತ್ತು?"

"ನೀನು ಹೊಡೆಯೋಕೆ ಮುಂಚೆ ತುಂಬ ಹೊತ್ತು ತಗೋತೀಯ, ಅಪ್ಪ. ಎಲ್ಲರದೂ ಮುಗಿದ ಮೇಲೆ ಒಂದು ಸುಮ್ಮನಿರೋ ಹೊತ್ತು ಬರುತ್ತೆ. ಅದಾದ ಮೇಲೆ ನಿಂದು. ಚಿಕ್ಕೋಳಿದ್ದಾಗ ಆ ಹೊತ್ತಲ್ಲಿ ನಾನೂ ಉಸಿರು ಹಿಡೀತಿದ್ದೆ."

ಅವಳು ಅಂಟಿನ ಡಬ್ಬಿಯ ಮುಚ್ಚಳ ಒತ್ತುತ್ತಾ, "ಕ್ಷಮಿಸು ಅಂತ ಕೇಳೋಕೆ ನಂಗೆ ಬಾಯಿಲ್ಲ. ಎಲ್ಲರ ಮುಂದೆ ನಿನ್ನನ್ನ ಹೊತ್ಕೊಂಡಾಗ ನಾನು ಇಲ್ಲೇ ಕೂತಿದ್ದೆ. ಮೇಲೆ ಬರ್ಲಿಲ್ಲ. ನೋಡೋಕಾಗ್ಲಿಲ್ಲ" ಎಂದಳು.

"ಮುಂದಿನ ಭಾನುವಾರ ನಾನು ಹೊಡೀತೀನಿ. ಯಂತ್ರಕ್ಕಲ್ಲ, ಇಲ್ಲಿಗೆ. ನೀನು ತೋರಿಸ್ಬೇಕು."

ಕೈ ನಿಂತಿತು. "ಬೇರೆ ಯಾರನ್ನಾದ್ರೂ ಇಳಿಸು, ಅಪ್ಪ."

"ಬೇರೆಯವರು ತೋರಿಸಿದ್ರೆ ನಾನು ನಂಬ್ತೀನಿ. ಅದ್ರಿಂದ ನನಗೇನು ಬಂತು? ನೀನು ತೋರಿಸಿದ್ದನ್ನ ನಂಬೋ ಹಾಗೆ ಆಗ್ಬೇಕು."

"ಕೆಟ್ಟದಾಗಿ ಬಿದ್ರೆ?"

"ಬಿದ್ದ ಕಡೆ ತೋರಿಸು."

"ಆಮೇಲೆ ಊಟ ಮಾಡ್ತೀಯಾ?"

ಈ ಹೆಂಗಸಿಗೆ ಊಟದ್ದೇ ಚಿಂತೆ. ಎದ್ದು ಮೆಟ್ಟಿಲು ಹತ್ತಿದೆ. ಹತ್ತುವಾಗ ಮೊಣಕೈಗೆ ಅವಳು ಕೈ ಕೊಟ್ಟಳು. ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತಿತ್ತು, ಅದಕ್ಕೇ ಬಿಡಿಸಿಕೊಳ್ಳಲಿಲ್ಲ.

ಜೂನ್ 2, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು. ಅಕ್ಷರ ಸಾಲಿನ ಮೇಲೆ ಕೂರುತ್ತಿಲ್ಲ, ಆದರೂ.

ಹಬ್ಬಕ್ಕೆ ಪಕ್ಕದ ಹಳ್ಳಿಗಳವರೂ ಬಂದಿದ್ದರು. ಗುರಿಮನೆಯ ಹೊರಗೆ ಸಾಸೇಜಿನ ಹೊಗೆ, ಉದ್ದ ಮೇಜುಗಳು, ಮಡಿಲಲ್ಲಿ ಮಗು ಕೂರಿಸಿಕೊಂಡು ತಮ್ಮ ಸರದಿ ಕಾಯುವ ತಾಯಂದಿರು. ನಾನು ನಾಲ್ಕನೇ ಚಾಪೆಯ ಬಳಿ ಹೋದಾಗ ಮಾತು ನಿಂತಿತು. ಒಬ್ಬರಿಗೊಬ್ಬರು ಮೊಣಕೈ ತಿವಿದದ್ದು ಓರೆಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಈ ಕಣ್ಣಿನಿಂದ ಅಷ್ಟು ಲಾಭ.

ಅಂಬ್ರೋಸ್ ದುರ್ಬೀನಿನ ಹಿಂದೆ ಕೂತಿದ್ದ. ಆರು ವಾರಕ್ಕೂ ಮೇಲಿನಿಂದ ನಾವು ಮಾತಾಡಿರಲಿಲ್ಲ.

"ಬಂದ್ಯಾ?" ಎಂದ.

"ಬಂದೆ. ಬಿದ್ದದ್ದನ್ನ ಬರಿ."

"ತೋರ್ಸಿದ್ದನ್ನ ಬರೀತೀನಿ. ಅದೇ ನಿಯಮ."

ಮಲಗಿದೆ. ಗುರಿಯನ್ನು ನೇರ ನೋಡಿದರೆ ಬೂದಿ ಬಣ್ಣದ ಮಬ್ಬು. ಇಷ್ಟು ವರ್ಷ ಆ ಮಬ್ಬನ್ನೇ ಕಪ್ಪು ವೃತ್ತ ಎಂದುಕೊಂಡಿದ್ದೆನೇ? ಉಸಿರು ಹಿಡಿದೆ. ಉಳಿದವರ ಕೋವಿಗಳು ಒಂದೊಂದಾಗಿ ಸುಮ್ಮನಾದವು. ಆ ನಿಶ್ಶಬ್ದದ ತಳದಲ್ಲಿ, ಮಣ್ಣಿನ ಕೆಳಗೆ ಇನ್ನೊಬ್ಬಳು ಉಸಿರು ಹಿಡಿದು ನಿಂತಿದ್ದಾಳೆ ಎಂಬ ಯೋಚನೆ ಬಂತು. ಹೊಡೆದೆ.

ಹಲಗೆ ಕೆಳಗಿಳಿಯಿತು. ಮೇಲೆ ಬರಲಿಲ್ಲ.

ಮೂರನೆಯದು ಇಳಿದು ಬಂತು, ಐದನೆಯದು ಬಂತು. ನಾಲ್ಕನೆಯ ಜಾಗ ಖಾಲಿ. ಹಿಂದೆ ಯಾರೋ ಕೆಮ್ಮಿದರು. ಅವಳು ಕಾಗದದ ಮೇಲೆ ತೂತು ಹುಡುಕುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅನಿಸಿತು, ಇಲ್ಲ, ಹುಡುಕಿ ಮುಗಿದಿದೆ. ಈಗ ಕೋಲು ಹಿಡಿದು ನಿಂತಿದ್ದಾಳೆ. ಮತ್ತೆ ಅದನ್ನೇ ಮಾಡುತ್ತಾಳೆ. ಆ ಏಪ್ರಿಲ್ ಭಾನುವಾರದ ಕಹಿಯೆಲ್ಲ ಮತ್ತೆ ಬಂತು.

ಹಲಗೆ ಏರಿತು. ಕೋಲೂ ಏರಿತು. ತಟ್ಟೆ ನಡುವೆ ನಿಂತಿದ್ದರೆ ನನಗೆ ಕಾಣುತ್ತಿರಲಿಲ್ಲ. ಅದು ನಿಲ್ಲಲಿಲ್ಲ. ಹಲಗೆಯ ಈ ಅಂಚಿನಿಂದ ಆ ಅಂಚಿಗೆ, ಅಂಚು ದಾಟಿ ಹೊರಗೆ, ಮತ್ತೆ ಈ ಕಡೆಗೆ, ಅಡ್ಡಡ್ಡ ಬೀಸಿತು. ಗುರಿ ತಪ್ಪಿತು ಎನ್ನುವುದಕ್ಕೆ ನಮ್ಮಲ್ಲಿ ಹಾಗೆ. ಬೇರೆಯವರು ಒಮ್ಮೆ ಬೀಸಿ ಇಳಿಸಿಬಿಡುತ್ತಾರೆ, ಹೊಡೆದವನಿಗೆ ಮುಜುಗರವಾಗದಿರಲಿ ಎಂದು. ಉರ್ಸಿ ಬೀಸುತ್ತಲೇ ಇದ್ದಳು. ನನ್ನ ಕಣ್ಣಿನ ಅಂಚಿಗೆ ಸಿಗುವಷ್ಟು ಅಗಲಕ್ಕೆ. ಚಿಕ್ಕವಳಿದ್ದಾಗ ರೋಪ್‌ವೇಯ ಮೇಲಿನ ಕಟ್ಟೆಯಿಂದ ನನ್ನ ಕಡೆ ಹೀಗೆಯೇ ಎರಡೂ ಕೈ ಬೀಸುತ್ತಿದ್ದಳು. ಯಾರ ಟೋಪಿ ಎಂದು ಹುಡುಕುವ ಅಗತ್ಯವೇ ಇರುತ್ತಿರಲಿಲ್ಲ.

"ಸೊನ್ನೆ," ಎಂದ ಅಂಬ್ರೋಸ್. "ಬರೀಲಾ?"

"ಬರಿ. ದೊಡ್ಡದಾಗಿ ಬರಿ."

ಉಳಿದ ಗುಂಡುಗಳಲ್ಲಿ ಕೆಲವು ಅಂಚಿಗೆ ಬಿದ್ದವು, ಕೆಲವು ಮಣ್ಣಿಗೆ. ಒಂದು, ಹೇಗೋ ಏನೋ, ಕಪ್ಪು ವೃತ್ತದೊಳಗೆ ಹೋಯಿತು. ಅಂಬ್ರೋಸ್ ದುರ್ಬೀನಿನಿಂದ ಮುಖ ತೆಗೆದು, "ಇದು ನಿಜವಾದ್ದು ಕಣೋ, ಪಕ್ಕದಲ್ಲಿ ಮಣ್ಣು ಏಳ್ಲಿಲ್ಲ" ಎಂದ. ಗೊತ್ತು ಎಂದೆ. ನಿಜಕ್ಕೂ ಗೊತ್ತಿತ್ತು.

ಕೊನೆಗೆ ಗುಂಡಿಯವರೆಲ್ಲ ಮೇಲೆ ಬಂದರು. ಗುಂಡಿಯ ಕೊನೆಯ ದಿನ, ಮೊದಲು ಕುಡಿಯಬೇಕಾದವರು ಅವರೇ ಎಂದು ಅಂಬ್ರೋಸ್ ಚೀಲದಿಂದ ಹೂಜಿ ತೆಗೆದು ವೈನ್ ತುಂಬಿದ. ಅದು ಯಾವಾಗ ಮತ್ತೆ ಅವನ ಮನೆಗೆ ಹೋಗಿತ್ತೋ, ನಾನಂತೂ ಒಯ್ದಿರಲಿಲ್ಲ. ಕಾರಿನ್ ಆಕಾಶ ನೋಡುತ್ತಿದ್ದಳು.

ಉರ್ಸಿ ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ಬಂದು ಎದುರು ನಿಂತಳು. ಮುಖ ನೇರ ನೋಡಿದರೆ ಕರಗುತ್ತದೆ. ಕಿವಿಯ ಪಕ್ಕಕ್ಕೆ ನೋಡಿದೆ, ಆಗ ಕಂಡಳು. ಅತ್ತಿದ್ದಳು.

"ಕಂಡಿತಾ, ಅಪ್ಪ?"

"ಕಂಡಿತು."

ಅವಳು ಸಾಸೇಜು, ಆಲೂಗಡ್ಡೆ ತಂದಿಟ್ಟಳು. ತಿಂದೆ. ಹಸಿವಾಗಿತ್ತು, ಅಷ್ಟೇ. ಮನೆಗೆ ಬರುವಾಗ ಏರುದಾರಿಯಲ್ಲಿ ಕೋವಿ ಭಾರವೆನಿಸಿ ಅವಳ ಹೆಗಲಿಗೆ ಹಾಕಿದೆ. ನಮ್ಮ ಮನೆಯಲ್ಲಿ ಆ ಕೋವಿಯನ್ನು ನನ್ನ ಬದಲು ಇನ್ನೊಬ್ಬರು ಹೊತ್ತದ್ದು ಇದೇ ಮೊದಲು ಎಂದು ಕಾರಿನ್ ಹೇಳಿದಳು. ನಾನು ಗಮನಿಸಿರಲಿಲ್ಲ.

ಗೋಡೆಯ ಹಲಗೆಯಿಂದ ನನ್ನ ಹೆಸರು ತೆಗೆಯುವ ಕೆಲಸ ಗುರುವಾರ, ಇಸ್ಪೀಟಿನ ನಂತರ. ಉಳಿ ನನ್ನದು, ಕಣ್ಣು ಅಂಬ್ರೋಸ್‌ನದು. ಅವನ ಹೆಸರನ್ನೂ ಅವನೇ ಕೆತ್ತಬೇಕಂತೆ, ನನ್ನ ಕೈಗೆ ಕೊಟ್ಟರೆ ಹಂದಿಯ ಹೆಸರಾಗುತ್ತದಂತೆ.

ಉರ್ಸಿ ನಾಳೆ ಬೆಳಿಗ್ಗೆ ಕೋವಿ ಒರೆಸಲು ಕೆಳಗೆ ಬರುತ್ತಾಳೆ. ಇನ್ನೂ ಕ್ಷಮಿಸಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಹೇಳಬೇಕು. ಅವಳು ಬರುವ ಮೊದಲು ಹಾಲು ತಂದಿಡಬೇಕು, ಅವಳ ಕಾಫಿಗೆ ಹಾಲು ಜಾಸ್ತಿ ಬೇಕು.